ಜಿನೀವಾಗೆ ಹೊರಟ ತಮ್ಮನಿಗೆ, ಸ್ಪೆಕ್ಟ್ರಮ್ ಕೆಲಸದ ಬಗ್ಗೆ ಒಂದಿಷ್ಟು

ಮೈಸೂರು ಕುವೆಂಪುನಗರದ ಹುಡುಗನೊಬ್ಬ ಕೇಳಿದ್ದಾನೆ: "ಅಕ್ಕಾ, ಜಿನೀವಾದಲ್ಲಿ ಒಂದು ಟೆಲಿಕಾಂ ಕಂಪನಿಯ ಸ್ಪೆಕ್ಟ್ರಮ್ ಟೀಮಿನಲ್ಲಿ, ಅಂದರೆ ರೇಡಿಯೋ ಫ್ರೀಕ್ವೆನ್ಸಿಗಳ ವಿಷಯ ನೋಡಿಕೊಳ್ಳುವ ಕಡೆ, ಕೆಲಸ ಸಿಕ್ಕಿದೆ. ಫ್ರೆಂಚ್ ಬರದೆ ನಡೆಯುತ್ತಾ? ಮನೆ, ಊಟ ಹೇಗೆ? ಐಟಿಯು ಅನ್ನುವ ವಿಶ್ವಸಂಸ್ಥೆಯ ಟೆಲಿಕಾಂ ಒಕ್ಕೂಟದ ಮೀಟಿಂಗ್‌ಗಳಲ್ಲಿ ವಾರಗಟ್ಟಲೆ ಕೂತು ಏನು ಮಾಡುತ್ತಾರೆ? ಅಲ್ಲಿದ್ದುಕೊಂಡು ನಮ್ಮ ದೇಶಕ್ಕೆ ಏನಾದರೂ ಮಾಡಬಹುದಾ?"

ನೀನು ಅಂತಲೇ ಬರೆಯುತ್ತೇನಪ್ಪ, ಬೇಜಾರು ಮಾಡಿಕೊಳ್ಳಬೇಡ. ನಾನು ಮಂಡ್ಯ ಜಿಲ್ಲೆಯವಳು. ನಮ್ಮ ಕಡೆ ಇದ್ದಕ್ಕಿದ್ದ ಹಾಗೆ ಬಹುವಚನ ಬಂತು ಅಂದರೆ ಜಗಳ ಶುರುವಾಯಿತು ಅಂತ ಲೆಕ್ಕ.

ಮೊದಲ ಎರಡು ಪ್ರಶ್ನೆ ಬೇಗ ಮುಗಿಸುತ್ತೇನೆ. ಮೀಟಿಂಗ್‌ಗೆ ಇಂಗ್ಲಿಷ್ ಸಾಕು. ಮನೆ ಹುಡುಕೋಕೆ, ಪಕ್ಕದ ಮನೆಯ ಅಜ್ಜಿ ಹತ್ತಿರ ಬೈಸಿಕೊಳ್ಳದೆ ಇರೋಕೆ ಫ್ರೆಂಚ್ ಬೇಕು. ಬಾಡಿಗೆ ಜಾಸ್ತಿ, ಬಹಳ ಜಾಸ್ತಿ. ಅಡ್ವಾನ್ಸ್ ಮಾತ್ರ ಮೂರು ತಿಂಗಳ ಬಾಡಿಗೆಗಿಂತ ಮೇಲೆ ಕೇಳುವ ಹಾಗಿಲ್ಲ, ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕಂಡವರಿಗೆ ಅದೊಂದೇ ಸಮಾಧಾನ. ತುಂಬಾ ಜನ ಗಡಿ ದಾಟಿ ಫ್ರಾನ್ಸ್ ಕಡೆ ಮನೆ ಮಾಡುತ್ತಾರೆ. ನಿನ್ನ ಪರ್ಮಿಟ್‌ನಲ್ಲಿ ಅದು ಆಗುತ್ತಾ ಅಂತ ಕಂಪನಿಯವರನ್ನೇ ಕೇಳು. ಊಟ ನೀನೇ ಮಾಡಿಕೊಳ್ಳಬೇಕು, ಅಷ್ಟೇ. ಕುಕ್ಕರ್ ತಾ, ಸಾರಿನ ಪುಡಿ ತಾ. ನಾನು ಬಂದಿಳಿದದ್ದು ಒಂದು ಭಾನುವಾರ. ನಮ್ಮೂರಲ್ಲಿ ಭಾನುವಾರ ಅಂದರೆ ಬಾಡಿನ ಅಂಗಡಿ ಮುಂದೆ ಜನವೋ ಜನ. ಇಲ್ಲಿ ನೋಡಿದರೆ ಬೀದಿಯಲ್ಲಿ ನರಪಿಳ್ಳೆ ಇಲ್ಲ, ಅಂಗಡಿಗಳೆಲ್ಲ ಬಂದ್. ಒಂದು ಪ್ಯಾಕೆಟ್ ಹಾಲಿಗೆ ಕೊರ್ನವಾನ್ ರೈಲ್ವೆ ಸ್ಟೇಷನ್ ತನಕ ಆ ಚಳಿಯಲ್ಲಿ ನಡೆದುಕೊಂಡು ಹೋದೆ. ಶನಿವಾರವೇ ಸಾಮಾನು ತಂದಿಟ್ಟುಕೋ.

ಇನ್ನು ಕೆಲಸ. ಐಟಿಯು ಹುಟ್ಟಿದ್ದು 1865ರಲ್ಲಿ, ಪ್ಯಾರಿಸ್‌ನಲ್ಲಿ, ಆಗ ಇದ್ದದ್ದು ಬರೀ ಟೆಲಿಗ್ರಾಫ್. ರೇಡಿಯೋಗೆ ಅಂತಲೇ ದೇಶಗಳು ಸೇರಿ ಒಪ್ಪಂದ ಮಾಡಿಕೊಂಡದ್ದು 1906ರಲ್ಲಿ, ಬರ್ಲಿನ್‌ನಲ್ಲಿ. ಅದೇ ಬೆಳೆದು ಈಗಿನ ರೇಡಿಯೋ ರೆಗ್ಯುಲೇಷನ್ಸ್ ಆಗಿದೆ. ಯಾವ ಫ್ರೀಕ್ವೆನ್ಸಿಯಲ್ಲಿ ವಿಮಾನ, ಯಾವುದರಲ್ಲಿ ಮೊಬೈಲ್, ಯಾವುದು ಬಾಹ್ಯಾಕಾಶದ ಸದ್ದು ಕೇಳುವ ವಿಜ್ಞಾನಿಗಳಿಗೆ ಬಿಟ್ಟದ್ದು ಅಂತ ಸಾಲುಸಾಲಾಗಿ ಬರೆದಿರುವ ಪುಸ್ತಕ. ಇದು ಬರೀ ಸಲಹೆ ಅಲ್ಲ, ದೇಶಗಳು ಸಹಿ ಹಾಕಿದ ಒಪ್ಪಂದ. ಮೂರು ನಾಲ್ಕು ವರ್ಷಕ್ಕೊಮ್ಮೆ ಡಬ್ಲ್ಯುಆರ್‌ಸಿ ಅಂತ ದೊಡ್ಡ ಸಮ್ಮೇಳನ ಕೂಡಿ ಅದನ್ನು ತಿದ್ದುತ್ತಾರೆ. 2019ರಲ್ಲಿ ಈಜಿಪ್ಟಿನ ಶರ್ಮ್ ಎಲ್ ಶೇಖ್‌ನಲ್ಲಿ ಆಯಿತು, 2023ರಲ್ಲಿ ದುಬೈನಲ್ಲಿ. ಮುಂದಿನದು 2027ಕ್ಕೆ, ಶಾಂಘೈನಲ್ಲಿ.

ಇದೆಲ್ಲ ನಮಗೆ ದೂರದ ಮಾತು ಅಂದುಕೊಳ್ಳಬೇಡ. ಬೆಂಗಳೂರು ಆಕಾಶವಾಣಿ 612 ಕಿಲೋಹರ್ಟ್ಸ್, ಧಾರವಾಡ 765. ಎರಡನ್ನೂ 9ರಿಂದ ಭಾಗಿಸಿ ನೋಡು, ಶೇಷ ಉಳಿಯಲ್ಲ. ಮೀಡಿಯಂ ವೇವ್ ರಾತ್ರಿ ಹೊತ್ತು ಸಾವಿರಾರು ಕಿಲೋಮೀಟರ್ ಹೋಗುತ್ತದೆ, ಒಂದು ದೇಶದ ಸ್ಟೇಷನ್ ಇನ್ನೊಂದರ ಮೇಲೆ ಬೀಳುತ್ತದೆ. ಅದಕ್ಕೇ 1975ರಲ್ಲಿ ಇದೇ ಜಿನೀವಾದಲ್ಲಿ ಕೂತು, ಯುರೋಪು, ಆಫ್ರಿಕಾ, ಏಷ್ಯಾಗೆಲ್ಲ 9 ಕಿಲೋಹರ್ಟ್ಸ್ ಅಂತರ ಅಂತ ಗೊತ್ತು ಮಾಡಿದರು. ಅಮೆರಿಕದ ಕಡೆ 10. ನಮ್ಮ ತಾತ ಕೃಷಿ ಕಾರ್ಯಕ್ರಮ ಕೇಳುತ್ತಿದ್ದ ರೇಡಿಯೋದ ಮುಳ್ಳು ಎಲ್ಲಿ ನಿಲ್ಲಬೇಕು ಅಂತ ಇಲ್ಲಿ ತೀರ್ಮಾನ ಆಗಿತ್ತು ಅಂತ ನನಗೆ ಗೊತ್ತಾದದ್ದು ಇಲ್ಲಿಗೆ ಬಂದ ಮೇಲೆ. 1935ರಲ್ಲೇ ಗೋಪಾಲಸ್ವಾಮಿಯವರು ಮನೆಯಲ್ಲಿ ರೇಡಿಯೋ ಸ್ಟೇಷನ್ ಶುರು ಮಾಡಿದ ಊರಿನವನು ನೀನು, ಇಷ್ಟಾದರೂ ತಿಳಿದುಕೊಂಡು ಬಾ!

ಮೀಟಿಂಗ್‌ನಲ್ಲಿ ಏನು ಮಾಡುತ್ತಾರೆ ಅಂದೆಯಲ್ಲ, ವಾಕ್ಯ ತಿದ್ದುತ್ತಾರೆ. ಪರದೆಯ ಮೇಲೆ ಕರಡು ಇರುತ್ತದೆ. ಒಪ್ಪಿಗೆ ಆಗದ ಮಾತಿನ ಸುತ್ತ ಚೌಕ ಬ್ರಾಕೆಟ್ ಹಾಕುತ್ತಾರೆ. ಒಂದು ಬ್ರಾಕೆಟ್ ತೆಗೆಸೋಕೆ ಮಧ್ಯರಾತ್ರಿ ಆದದ್ದೂ ಉಂಟು. ವೋಟು ಹಾಕುವುದು ಅಪರೂಪ, ಎಲ್ಲರೂ ಒಪ್ಪುವ ತನಕ ಎಳೆಯುತ್ತಾರೆ. ಯಾರೂ ಬೇಡ ಅನ್ನದಿದ್ದರೆ ಪಾಸ್. ಮೈಸೂರಿನ ಮರ್ಯಾದೆ ಇಲ್ಲಿ ಸ್ವಲ್ಪ ಕಷ್ಟ ಕೊಡುತ್ತದೆ. ದೊಡ್ಡವರು ಮಾತಾಡುವಾಗ ಎದುರಾಡಬಾರದು ಅಂತ ತಲೆ ಆಡಿಸುತ್ತಾ ಕೂತರೆ ನೀನು ಒಪ್ಪಿದೆ ಅಂತ ಬರೆದುಕೊಳ್ಳುತ್ತಾರೆ. ನಿಜವಾದ ಮಾತುಕತೆ ಕಾಫಿ ಹತ್ತಿರ ನಡೆಯುತ್ತದೆ, ಅಲ್ಲಿಗೆ ತಪ್ಪದೆ ಹೋಗು. ಕಾಫಿ ಚೆನ್ನಾಗಿರಲ್ಲ, ಆದರೂ ಹೋಗು.

ಉಪಗ್ರಹದ ಕೆಲಸ ಬಂದರೆ ಒಂದು ಗೊತ್ತಿರಲಿ. ಅಲ್ಲಿ ಫ್ರೀಕ್ವೆನ್ಸಿಗೆ, ಕಕ್ಷೆಯ ಜಾಗಕ್ಕೆ ಬಹಳ ಕಡೆ ಮೊದಲು ಅರ್ಜಿ ಹಾಕಿದವನಿಗೆ ಆದ್ಯತೆ. ವಿಶ್ವೇಶ್ವರಯ್ಯ ನಾಲೆಯಲ್ಲಿ ಮೇಲಿನವರು ಗದ್ದೆ ತುಂಬಿಸಿಕೊಂಡು ಕೊನೇ ಭಾಗದವರು ಮಳವಳ್ಳಿಯಲ್ಲಿ ಆಕಾಶ ನೋಡುತ್ತಾರಲ್ಲ, ಆ ಸಂಕಟವೇ. ಅದಕ್ಕೇ ಕೆಲವು ಫ್ರೀಕ್ವೆನ್ಸಿ ಬ್ಯಾಂಡ್‌ಗಳಲ್ಲಿ ಪ್ರತಿ ದೇಶಕ್ಕೂ ಒಂದು ಪಾಲು ಎತ್ತಿಟ್ಟಿದ್ದಾರೆ. ಅರ್ಜಿ ಹಾಕಿ ಸುಮ್ನೆ ಜಾಗ ಹಿಡಿದು ಕೂರಬಾರದು ಅಂತ 2019ರಲ್ಲಿ ದೊಡ್ಡ ಉಪಗ್ರಹ ಗುಂಪುಗಳಿಗೆ ಗಡುವನ್ನೂ ಹಾಕಿದರು.

ಈಗ ನಿನ್ನ ಕೊನೇ ಪ್ರಶ್ನೆ. ಇದರ ಬಗ್ಗೆ ನನಗೆ ಯಾರೂ ಮುಂಚೆ ಹೇಳಿರಲಿಲ್ಲ.

ಐಟಿಯುನಲ್ಲಿ ಕಂಪನಿಗಳೂ ಸದಸ್ಯರಾಗಬಹುದು, ವರ್ಕಿಂಗ್ ಪಾರ್ಟಿ ಅನ್ನುವ ಕರಡು ಬರೆಯುವ ಸಮಿತಿಗಳಲ್ಲಿ ಮಾತಾಡಬಹುದು. ಡಬ್ಲ್ಯುಆರ್‌ಸಿಯಲ್ಲಿ ಮಾತ್ರ ತೀರ್ಮಾನ ದೇಶಗಳದ್ದೇ. ಹಾಗಾಗಿ ಕಂಪನಿಯವರು ಯಾವುದೋ ಒಂದು ದೇಶದ ನಿಯೋಗದೊಳಗೆ ಸೇರಿಕೊಂಡು ಹೋಗುತ್ತಾರೆ. ನನ್ನ ಕತ್ತಿನ ಬ್ಯಾಡ್ಜ್ ಮೇಲೆ ಒಂದು ಯುರೋಪ್ ದೇಶದ ಹೆಸರು ಇರುತ್ತದೆ. ದೇಶಗಳನ್ನು ಫ್ರೆಂಚ್ ಅಕ್ಷರಗಳ ಕ್ರಮದಲ್ಲಿ ಕೂರಿಸುತ್ತಾರೆ, ಭಾರತ ಅಷ್ಟು ದೂರದಲ್ಲಿ ಕೂತಿರುತ್ತದೆ. ಆ ಸಾಲಿನಿಂದ ಮಾತು ಬಂದಾಗ ಕಿವಿ ಆ ಕಡೆ, ಪೆನ್ನು ಈ ಕಡೆ. ಕಾಫಿ ಹೊತ್ತಿಗೆ ಅವರೇ ಬಂದು "ಮೇಡಂ, ನೀವು ಕರ್ನಾಟಕದವರಾ" ಅಂತ ಕೇಳುತ್ತಾರೆ. ಊರು, ಮಕ್ಕಳು, ಮೈಸೂರು ಪಾಕು ಎಲ್ಲ ಮಾತಾಡುತ್ತೀವಿ. ಕೆಲಸದ ಮಾತು ಮಾತ್ರ ಇಬ್ಬರ ಬಾಯಲ್ಲೂ ಬರಲ್ಲ.

2017ರ ವಿಷಯ ಹೇಳುತ್ತೇನೆ. ಆಗ ಒಂದು ತಂತ್ರಜ್ಞಾನ 5ಜಿ ಅನ್ನಿಸಿಕೊಳ್ಳೋಕೆ ಪಾಸಾಗಬೇಕಾದ ಪರೀಕ್ಷೆ ಹೇಗಿರಬೇಕು ಅಂತ 5ಡಿ ಅನ್ನುವ ವರ್ಕಿಂಗ್ ಪಾರ್ಟಿ ಬರೆಯುತ್ತಿತ್ತು. ಹಳ್ಳಿಯ ಲೆಕ್ಕಕ್ಕೆ ಟವರಿಂದ ಟವರಿಗೆ 1,732 ಮೀಟರ್ ಅಂತ ಇತ್ತು. ಭಾರತದವರು ಇದು ನಮ್ಮ ಹಳ್ಳಿಗೆ ಹೊಂದಲ್ಲ, 6 ಕಿಲೋಮೀಟರ್ ಅಂತರದ್ದೂ ಒಂದು ಇರಲೇಬೇಕು ಅಂತ ಹಿಡಿದರು. ಫೈಬರ್ ಬರುವುದು ಗ್ರಾಮ ಪಂಚಾಯ್ತಿ ತನಕ. ಅಲ್ಲಿ ನಿಂತ ಟವರು ಸುತ್ತಲಿನ ಹಳ್ಳಿಗಳನ್ನೆಲ್ಲ ನೋಡಿಕೊಳ್ಳಬೇಕು ಅನ್ನುವುದು ಅವರ ವಾದ. ಅಷ್ಟು ದೂರಕ್ಕೆ ಟವರಿನ ಮಾತು ಫೋನಿಗೆ ತಲುಪಿಬಿಡುತ್ತದೆ, ಸಣ್ಣ ಬ್ಯಾಟರಿಯ ಫೋನಿನ ಮಾತು ಟವರಿಗೆ ತಲುಪುವುದೇ ಕಷ್ಟ. ನಮ್ಮಮ್ಮ ಹುಣಸೆ ಮರದ ಹತ್ತಿರ ಹೋಗಿ ಫೋನು ಹಿಡಿಯುತ್ತಿದ್ದರು. ನನ್ನ ಮಾತೆಲ್ಲ ಅವರಿಗೆ ಕೇಳುತ್ತಿತ್ತು, ಅವರದ್ದು ನನಗೆ ತುಂಡು ತುಂಡು. ಆ ಹಾಲ್‌ನಲ್ಲಿ ಇದನ್ನು ಪೇಪರ್ ಓದದೆ ಹೇಳಬಲ್ಲವರು ಎಷ್ಟು ಜನ ಇದ್ದರು? ಆದರೆ ನಮ್ಮ ಕಂಪನಿಗೆ ಇನ್ನೊಂದು ಪರೀಕ್ಷೆ ಅಂದರೆ ಇನ್ನಷ್ಟು ಕೆಲಸ. ಈ ವಿಷಯದಲ್ಲಿ ಬಾಯಿ ಬಿಡಬೇಡ ಅಂತ ನನಗೆ ಮೊದಲೇ ಹೇಳಿ ಕಳಿಸಿದ್ದರು. ಸುಮ್ಮನಿದ್ದೆ. ಸಂಬಳ ಕೊಡುವವರು ಅವರು, ನಾನು ಮಾಡಿದ್ದು ನಿಯಮದ ಪ್ರಕಾರವೇ.

ಭಾರತದವರು ನಾನಿಲ್ಲದೆಯೇ ಅದನ್ನು ಸಾಧಿಸಿದರು. ಆ 6 ಕಿಲೋಮೀಟರ್ ಐಟಿಯು ದಾಖಲೆಗೆ ಸೇರಿತು. ಅದರ ಮೇಲೆ ನಮ್ಮವರು ಕಟ್ಟಿದ 5ಜಿಐ ಅನ್ನುವ ಭಾರತದ್ದೇ 5ಜಿ ಸ್ಟ್ಯಾಂಡರ್ಡ್ 2021ರಲ್ಲಿ ಐಟಿಯು ಒಪ್ಪಿದ ಪಟ್ಟಿಯಲ್ಲೂ ಬಂತು, ಆಮೇಲೆ 3ಜಿಪಿಪಿ ಅನ್ನುವ ಸ್ಟ್ಯಾಂಡರ್ಡ್ ಸಂಸ್ಥೆಗಳ ಕೂಟ ಬರೆದ, ಪ್ರಪಂಚವೆಲ್ಲ ಬಳಸುವ ಸ್ಟ್ಯಾಂಡರ್ಡ್ ಜೊತೆ ಕೂಡಿಕೊಂಡಿತು. ಪ್ರತ್ಯೇಕವಾಗಿಯೇ ಉಳಿಯಬೇಕಿತ್ತು ಅನ್ನುವವರು ಇದ್ದಾರೆ. ನನಗೆ ಹಾಗೆ ಅನ್ನಿಸಲ್ಲ. ಬೇರೆ ಫೋನು ಬೇರೆ ಟವರು ಅಂತಾದರೆ ರೇಟು ಏರುವುದು ಹಳ್ಳಿಯವರಿಗೇ. ಆದರೂ ಆ ದಿನ ಹಾಲ್‌ನಲ್ಲಿ ನಾನು ಬೇರೆ ಮೇಜಿನಲ್ಲಿ ಇದ್ದೆ ಅನ್ನುವುದು ಈಗಲೂ ಚುಚ್ಚುತ್ತದೆ. ಕೆಲಸ ಬಿಡುವಷ್ಟು ಅಲ್ಲ. ಅಮ್ಮನಿಗೆ ಹೇಳಿಲ್ಲ, ಹೇಳಿದ್ದರೆ "ಅಷ್ಟು ಓದಿ ಮಾತಾಡಕ್ಕೆ ಆಗಲ್ವಾ" ಅಂತಿದ್ದರು.

ಹಾಗಾಗಿ ಸಹಿ ಹಾಕುವ ಮುಂಚೆ ಒಂದು ಮಾತು ಕೇಳು: ಡಬ್ಲ್ಯುಆರ್‌ಸಿಗೆ ನನ್ನನ್ನು ಯಾವ ದೇಶದ ಜೊತೆ ಕಳಿಸುತ್ತೀರಿ, ಭಾರತದ ಪ್ರಸ್ತಾವ ಬಂದಾಗ ನಾನು ಹೊರಗಿರಬಹುದಾ? ಎರಡನೆಯದಕ್ಕೆ ಒಪ್ಪುವ ಕಂಪನಿಗಳೂ ಇವೆ, ಈಗ ನನ್ನದೂ ಒಪ್ಪಿದೆ. ದೇಶಕ್ಕೇ ದುಡಿಯಬೇಕು ಅನ್ನುವ ಆಸೆ ಗಟ್ಟಿಯಾಗಿದ್ದರೆ ದಿಲ್ಲಿಯಲ್ಲಿ ಫ್ರೀಕ್ವೆನ್ಸಿ ನೋಡಿಕೊಳ್ಳುವ ಟೆಲಿಕಾಂ ಇಲಾಖೆಯ ಡಬ್ಲ್ಯುಪಿಸಿ ಇದೆ, ಭಾರತದ ಟೆಲಿಕಾಂ ಸ್ಟ್ಯಾಂಡರ್ಡ್ ಬರೆಯುವ ಟಿಎಸ್‌ಡಿಎಸ್‌ಐ 2014ರಿಂದ ಇದೆ. ಸಂಬಳ ಕಡಿಮೆ ಅಂತ ಮುಖ ತಿರುಗಿಸಬೇಡ, ಒಮ್ಮೆ ವಿಚಾರಿಸು. ಅದೇ ಮೀಟಿಂಗ್‌ಗೆ ಅಲ್ಲಿಂದಲೂ ಬರಬಹುದು ಅಲ್ವಾ.

ಬರುವುದೇ ಖಾತ್ರಿ ಆದರೆ ರೇಡಿಯೋ ರೆಗ್ಯುಲೇಷನ್ಸ್ ಐಟಿಯು ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ, ಆರ್ಟಿಕಲ್ 5 ಓದಿಕೊಂಡು ಬಾ. ಪುಟಕ್ಕೆ ಮೂರು ಕಾಲಂ. ಎಡಗಡೆ ಯುರೋಪು, ಆಫ್ರಿಕಾ, ನಡುವೆ ಅಮೆರಿಕ, ಬಲಗಡೆಯದರಲ್ಲಿ ನಾವು. ಕೆಳಗಿನ ಅಡಿಟಿಪ್ಪಣಿ ಬಿಡಬೇಡ, ದೇಶದ ಹೆಸರು ಹಿಡಿದು ಕೊಟ್ಟ ವಿನಾಯ್ತಿಗಳೆಲ್ಲ ಅಲ್ಲೇ ಇರುವುದು. ಆಮೇಲೆ, ಚಳಿ ಕೋಟನ್ನು ಮೈಸೂರಿನಲ್ಲಿ ಕೊಳ್ಳಬೇಡ. ಇಲ್ಲಿಗೆ ಬಂದ ಮೇಲೆ ತೊಗೋ, ನಾನು ಅಂಗಡಿ ತೋರಿಸುತ್ತೇನೆ.