ಐದು ವರ್ಷ ಕಟ್ಟಿದ್ದು ಬಾಡಿಗೆಯೋ, ಮನೆಯ ಬೆಲೆಯೋ?

ಪ್ರಶ್ನೆ: ನಾವು ಮೈಸೂರಿನ ಕುವೆಂಪುನಗರದವರು. 2020ರ ಏಪ್ರಿಲ್‌ನಲ್ಲಿ ಈಗಿರುವ ಮನೆಯನ್ನು 42 ಲಕ್ಷಕ್ಕೆ ಮಾತಾಡಿ, 6 ಲಕ್ಷ ಮುಂಗಡ ಕೊಟ್ಟೆವು. ತಿಂಗಳಿಗೆ 22 ಸಾವಿರ, ಅದರಲ್ಲಿ 14 ಸಾವಿರ ಬೆಲೆಗೆ ವಜಾ. 2025ರ ಮಾರ್ಚ್ 31ರೊಳಗೆ ಉಳಿದದ್ದು ಕೊಟ್ಟು ರಿಜಿಸ್ಟ್ರಿ ಮಾಡಿಸಿಕೊಳ್ಳಬೇಕಿತ್ತು. 200 ರೂಪಾಯಿ ಛಾಪಾ ಕಾಗದದಲ್ಲಿ ಬರೆದು ನೋಟರಿ ಮಾಡಿಸಿದ್ದೇವೆ. ಈಗ ಓನರ್ ‘ಅದೆಲ್ಲ ಬಾಡಿಗೆ, ಖಾಲಿ ಮಾಡಿ’ ಅನ್ನುತ್ತಿದ್ದಾರೆ. ಬೇರೆಯವರಿಗೆ ಮನೆ ತೋರಿಸಿಯೂ ಆಯಿತು. ಮನೆ ನಮ್ಮದಲ್ವಾ?

ಉತ್ತರ: ಬೇಸರದ ಮಾತು ಮೊದಲೇ ಹೇಳಿಬಿಡುತ್ತೇನೆ. ಸದ್ಯಕ್ಕೆ ಮನೆ ಓನರದ್ದೇ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಕಲಂ ಪ್ರಕಾರ, ಕ್ರಯದ ಅಗ್ರಿಮೆಂಟ್ ಆದ ಮಾತ್ರಕ್ಕೆ ಆಸ್ತಿಯಲ್ಲಿ ಹಕ್ಕು ಬರುವುದಿಲ್ಲ. ನಿಮಗಿರುವುದು ‘ಕ್ರಯಪತ್ರ ಮಾಡಿಕೊಡಿ’ ಎಂದು ಕೇಳುವ ಹಕ್ಕು. ಅದೇನೂ ಸಣ್ಣದಲ್ಲ.

ನೋಟರಿ ಸೀಲ್ ಬಿದ್ದರೆ ಎಲ್ಲ ಗಟ್ಟಿ ಎಂದು ನಮ್ಮ ಕಡೆ ತುಂಬಾ ಜನ ನಂಬಿದ್ದಾರೆ. ಅದು ನೋಂದಣಿ ಅಲ್ಲ. ಸ್ವಾಧೀನದಲ್ಲಿರುವ ಖರೀದಿದಾರನನ್ನು ಕಾಯುವ 53ಎ ಕಲಂ, 2001ರ ತಿದ್ದುಪಡಿಯ ನಂತರ ನೋಂದಣಿಯಾಗದ ಅಗ್ರಿಮೆಂಟಿಗೆ ಸಿಗುವುದಿಲ್ಲ. ಆದರೂ ಕ್ರಯಪತ್ರ ಕೇಳಿ ಹಾಕುವ ದಾವೆಯಲ್ಲಿ ಅದೇ ಕಾಗದ ಸಾಕ್ಷಿಯಾಗುತ್ತದೆ. ಛಾಪಾ ಶುಲ್ಕ ಕಡಿಮೆ ಎಂದು ಕೋರ್ಟಿಗೆ ಕಂಡರೆ ಕೊರತೆಯನ್ನೂ, ಅದರ ಹತ್ತು ಪಟ್ಟು ದಂಡವನ್ನೂ ಕಟ್ಟಬೇಕಾದೀತು.

ಜಗಳ ಇರುವುದು ಆ 14 ಸಾವಿರದಲ್ಲಿ. ‘ಬೆಲೆಗೆ ವಜಾ’ ಎಂದು ಅಗ್ರಿಮೆಂಟಿನಲ್ಲಿ ಬಿಡಿಸಿ ಬರೆದಿದ್ದರೆ ನಿಮ್ಮ ಬಲ ಜಾಸ್ತಿ. ಆದರೆ ಆಫೀಸಿನಲ್ಲಿ ಎಚ್‌ಆರ್‌ಎಗೆ (ಮನೆ ಬಾಡಿಗೆ ಭತ್ಯೆಗೆ) ಪೂರ್ತಿ 22 ಸಾವಿರದ ಬಾಡಿಗೆ ರಸೀದಿ ಕೊಟ್ಟಿದ್ದೀರಾ? ಫೋನಿನಲ್ಲಿ ದುಡ್ಡು ಕಳಿಸುವಾಗ ಪ್ರತಿ ತಿಂಗಳೂ ‘ರೆಂಟ್’ ಅಂತ ಹಾಕಿದ್ದೀರಾ? ಎದುರು ವಕೀಲರು ಹಿಡಿಯುವುದು ಅಲ್ಲೇ. ನಿಮ್ಮ ವಕೀಲರಿಗೆ ಇದನ್ನು ಮುಚ್ಚಿಡಬೇಡಿ.

ಇನ್ನೊಂದು, ಹಣ. ಮುಂಗಡ 6 ಲಕ್ಷ, ವಜಾ ಆದದ್ದು 8.40 ಲಕ್ಷ. ಉಳಿದ 27.60 ಲಕ್ಷಕ್ಕೆ ಮಾರ್ಚ್‌ನಲ್ಲಿ ನೀವು ತಯಾರಿದ್ದಿರಾ ಎಂದು ಕೋರ್ಟ್ ಕೇಳೇ ಕೇಳುತ್ತದೆ. ಸುಮ್ನೆ ‘ಇತ್ತು ಸ್ವಾಮಿ’ ಅಂದರೆ ಆಗದು. ಬ್ಯಾಂಕಿನ ಸಾಲ ಮಂಜೂರಾತಿ ಪತ್ರ, ಎಫ್‌ಡಿ, ಓನರಿಗೆ ಕಳಿಸಿದ ವಾಟ್ಸಾಪ್ ಮೆಸೇಜು, ಏನಿದ್ದರೂ ತೆಗೆದಿಡಿ. ಏನೂ ಇಲ್ಲದಿದ್ದರೆ ಕೇಸು ಕಷ್ಟ, ಸುಳ್ಳು ಹೇಳುವುದಿಲ್ಲ.

ವಕೀಲರಿಂದ ಈ ವಾರವೇ ನೋಟಿಸ್ ಕೊಡಿಸಿ. ಕೊನೆಯ ದಿನ ಬರೆದಿರುವುದರಿಂದ ದಾವೆಗೆ ಮೂರು ವರ್ಷ, ಅಂದರೆ 2028ರ ಮಾರ್ಚ್ ತನಕ ಗಡುವು ಇದೆ. ಹಾಗಂತ ಕಾಯುತ್ತಾ ಕೂತರೆ ನಿಮಗೆ ಮನಸ್ಸಿರಲಿಲ್ಲ ಎಂಬ ವಾದಕ್ಕೆ ನೀವೇ ದಾರಿ ಮಾಡಿಕೊಟ್ಟ ಹಾಗೆ. ದಾವೆಯ ಜೊತೆಗೇ ಮಾರಾಟಕ್ಕೆ ತಡೆಯಾಜ್ಞೆ ಕೇಳಿ. ಕ್ರಯಪತ್ರ ಸಿಗದಿದ್ದರೆ ಹಣ ವಾಪಸ್ ಕೊಡಿಸಿ ಎಂಬ ಬೇಡಿಕೆಯೂ ಇರಲಿ, ಕೇಳದೆ ಅದು ಸಿಗುವುದಿಲ್ಲ.

ಸಿಟ್ಟಿನಲ್ಲಿ ಮನೆ ಬಿಡಬೇಡಿ, ಬಾಡಿಗೆ ಪಾಲನ್ನು ನಿಲ್ಲಿಸಲೂಬೇಡಿ. ನೀವು ವಾಸವಿರುವ ಮನೆಯನ್ನು ಕೊಂಡವನು ‘ಅಗ್ರಿಮೆಂಟ್ ವಿಷಯ ಗೊತ್ತಿರಲಿಲ್ಲ’ ಎಂದು ನುಣುಚಿಕೊಳ್ಳುವುದು ಸುಲಭವಲ್ಲ.

ಇಸಿ, ಅಂದರೆ ಮನೆಯ ಮೇಲಿನ ಕ್ರಯ, ಸಾಲದ ನೋಂದಣಿ ತೋರಿಸುವ ಋಣಭಾರ ಪತ್ರ, ತೆಗೆಸುವಾಗ ಓನರ್ ಹೆಸರಿನ ಮೂಲ ಪತ್ರವನ್ನೂ ನೋಡಿ. ಮುಡಾದಿಂದ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರದಿಂದ) ಬಂದ ಸೈಟಾದರೆ ಅದು ಇನ್ನೂ ಲೀಸ್ ಕಮ್ ಸೇಲ್‌ನಲ್ಲೇ, ಅಂದರೆ ಮೊದಲು ಗುತ್ತಿಗೆ, ಆಮೇಲೆ ಕ್ರಯಪತ್ರ ಎಂಬ ಕರಾರಿನಲ್ಲೇ ಇರಬಹುದು. ಅವರಿಗೇ ಕ್ರಯಪತ್ರ ಆಗಿಲ್ಲವೆಂದರೆ ನಿಮಗೆ ಮಾಡಿಕೊಡುವುದಾದರೂ ಹೇಗೆ?