ಆ ಬಾಲ್ಕನಿಗೆ ಗಾಜು ಹಾಕಿಸಬೇಡಿ

ಪ್ರಶ್ನೆ: ಬಳ್ಳಾರಿಯ ಗಾಂಧಿನಗರದಲ್ಲಿ ನಮ್ಮದು ನಾಲ್ಕನೇ ಮಹಡಿಯ ಫ್ಲ್ಯಾಟ್. ಪಶ್ಚಿಮದ ಬಾಲ್ಕನಿ ಸುಮ್ನೆ ಖಾಲಿ ಬಿದ್ದಿದೆ. ಗಾಜು ಹಾಕಿಸಿ ರೂಮ್ ಮಾಡಿಕೊಳ್ಳೋಣ ಅಂತಿದ್ದೇವೆ. ಮೊನ್ನೆ ಮುಂಬೈನ ಕಾಂಚನಜುಂಗಾ ಕಟ್ಟಡದ ಫೋಟೊ ನೋಡಿದೆ. ಮೂಲೆಗಳನ್ನೇ ಕತ್ತರಿಸಿ ತೆಗೆದ ಹಾಗಿದೆ, ಅಲ್ಲಿ ಕಂಬವೂ ಕಾಣಲಿಲ್ಲ. ಅಂಥ ಊರಲ್ಲಿ ಅಷ್ಟು ಜಾಗ ಯಾಕೆ ಬಿಟ್ಟರು?

ಉತ್ತರ: ಗಾಜಿನವರಿಗೆ ಅಡ್ವಾನ್ಸ್ ಕೊಟ್ಟಿಲ್ಲ ತಾನೇ? ಕೊಟ್ಟಿರದಿದ್ದರೆ ಒಳ್ಳೆಯದಾಯಿತು.

ಓದುವ ಕಾಲದಲ್ಲಿ ಆ ಕಟ್ಟಡ ನೋಡಲೆಂದೇ ನಾನು ಮುಂಬೈಗೆ ಹೋಗಿದ್ದೆ. ಒಳಗೆ ಬಿಡಲಿಲ್ಲ. ರಸ್ತೆಯಲ್ಲೇ ನಿಂತು ಕತ್ತೆತ್ತಿ ನೋಡಿದೆ, ಕತ್ತು ನೋಯುವವರೆಗೂ. ವಿನ್ಯಾಸ ಚಾರ್ಲ್ಸ್ ಕೊರಿಯಾ ಅವರದು, ಪ್ರವೀಣಾ ಮೆಹ್ತಾ ಜೊತೆಗಿದ್ದರು. (ಕೊರಿಯಾ ಹುಟ್ಟಿದ್ದು ನಮ್ಮ ರಾಯಚೂರಿನ ಆಚೆಯ ಸಿಕಂದರಾಬಾದಿನಲ್ಲಿ.) ಕೆಲಸ ಮುಗಿದದ್ದು 1983ರಲ್ಲಿ. ಎತ್ತರ ಸುಮಾರು 84 ಮೀಟರ್, ಅಗಲ ಬರೀ 21 ಮೀಟರ್. ಒಟ್ಟು 32 ಮನೆಗಳು.

ಸಮುದ್ರದ ಗಾಳಿ ಬೇಕೆಂದರೆ ಮುಂಬೈನಲ್ಲಿ ಮನೆ ಪಶ್ಚಿಮಕ್ಕೆ ತೆರೆದಿರಬೇಕು. ಸಂಜೆ ಬಿಸಿಲೂ ಅಲ್ಲಿಂದಲೇ, ಮುಂಗಾರಿನ ಇರಚಲೂ ಅಲ್ಲಿಂದಲೇ. ಹಳೇ ಬಂಗಲೆಗಳಿಗೆ ಅದಕ್ಕೇ ಸುತ್ತ ವರಾಂಡ ಇರುತ್ತಿತ್ತು. ಬಿಸಿಲು, ಮಳೆ ವರಾಂಡದಲ್ಲೇ ನಿಂತು, ಗಾಳಿಯಷ್ಟೇ ಒಳಗೆ ಬರುತ್ತಿತ್ತು. ಕೊರಿಯಾ ಆ ವರಾಂಡವನ್ನೇ ಆಕಾಶಕ್ಕೆ ಏರಿಸಿದರು. ನೀವು ನೋಡಿದ ಮೂಲೆಗಳು ಅವೇ. ಒಂದೊಂದೂ ಎರಡು ಮಹಡಿ ಎತ್ತರ. ತಲೆ ಮೇಲೆ ತಗ್ಗು ಸ್ಲ್ಯಾಬ್ ಇದ್ದಿದ್ದರೆ ಹಿಂದಿನ ಕೋಣೆ ಕತ್ತಲಾಗುತ್ತಿತ್ತು.

ನೋಡುತ್ತಾ ನಿಂತಾಗ ನನಗೆ ನೆನಪಾದದ್ದು ಮಾನ್ವಿಯ ನಮ್ಮಜ್ಜಿಯ ಮಾಳಿಗೆ ಮನೆ. ಮೊಳಕ್ಕಿಂತ ದಪ್ಪ ಗೋಡೆ, ಮೇಲೆ ಮಣ್ಣು, ಮುಂದೆ ಪಡಸಾಲೆ. ಮೇ ತಿಂಗಳ ಬಿಸಿಲು ಪಡಸಾಲೆ ದಾಟುತ್ತಿರಲಿಲ್ಲ. ನಡುಮನೆಯಲ್ಲಿ ನಾವು ಮಕ್ಕಳೆಲ್ಲ ಬರೀ ನೆಲದ ಮೇಲೆ ಮಲಗುತ್ತಿದ್ದೆವು.

ಅದೆಲ್ಲ ಗೊತ್ತಿದ್ದೂ ಬಳ್ಳಾರಿಯಲ್ಲಿ ನಾನು ಮಾಡಿದ ಮೊದಲ ಮನೆಯಲ್ಲೇ ತಪ್ಪಿದೆ. ಮನೆಯವರು ಕೇಳಿದರೆಂದು ಪಶ್ಚಿಮದ ಬಾಲ್ಕನಿಗೆ ಗಾಜು ಮುಚ್ಚಿಸಿ ಮಗುವಿನ ಕೋಣೆ ಮಾಡಿಕೊಟ್ಟೆ. ಏಪ್ರಿಲ್‌ನಲ್ಲಿ ಕರೆಸಿದರು. ಸಂಜೆ ಆರಕ್ಕೆ ಗೋಡೆ ಮುಟ್ಟಿದರೆ ರೊಟ್ಟಿ ಹಂಚಿನ ಹಾಗಿತ್ತು. ಗಾಜು ಬಿಸಿಲನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಒಳಗಾದ ಬಿಸಿಯನ್ನು ಹೊರಗೆ ಬಿಡುವುದಿಲ್ಲ. ಆ ಮಗುವಿನ ಬೆನ್ನ ತುಂಬ ಬೆವರುಸಾಲೆ. ನಿಮಗೆ ಇಷ್ಟುದ್ದ ಬರೆಯುತ್ತಿರುವುದು ಅದಕ್ಕೇ.

ಇನ್ನು ಕಂಬದ ಮಾತು. ಕಾಂಚನಜುಂಗಾದ ನಡುವೆ ಲಿಫ್ಟ್‌ಗಳಿರುವ ಕಾಂಕ್ರೀಟ್ ಗೂಡಿದೆ. ಗಾಳಿ ತಳ್ಳಿದರೂ ಭೂಮಿ ಅಲುಗಿದರೂ ತಡೆಯುವುದು ಮುಖ್ಯವಾಗಿ ಅದೇ. ಮೂಲೆಯ ಆ ವರಾಂಡಗಳು ಕಂಬವಿಲ್ಲದೆ ಆರು ಮೀಟರಿಗೂ ಜಾಸ್ತಿ ಹೊರಚಾಚಿವೆ. ಆ ಗೂಡನ್ನು ಉಳಿದ ಕಟ್ಟಡಕ್ಕಿಂತ ಮೊದಲೇ ಏರಿಸಿದರು. ಮಹಡಿಗೊಮ್ಮೆ ಸೆಂಟ್ರಿಂಗ್, ಅಂದರೆ ಕಾಂಕ್ರೀಟ್ ಸುರಿಯುವ ಅಚ್ಚು, ಬಿಚ್ಚಿ ಕಟ್ಟಲಿಲ್ಲ. ಅಚ್ಚನ್ನೇ ನಿಧಾನವಾಗಿ ಮೇಲಕ್ಕೆ ಸರಿಸುತ್ತಾ ಕಾಂಕ್ರೀಟ್ ಸುರಿದರು. ಸ್ಲಿಪ್‌ಫಾರ್ಮ್ ಅಂದರೆ ಇದೇ. ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ನೀವು ನೋಡಿರುವಂಥ ಎತ್ತರದ ಚಿಮಣಿಗಳನ್ನೂ ಸಾಮಾನ್ಯವಾಗಿ ಹೀಗೆ ಏರಿಸುತ್ತಾರೆ.

ಈಗ ನಿಮ್ಮ ಬಾಲ್ಕನಿ. ಮುಂಬೈನದು ಸೆಖೆ, ಹಗಲೂ ಗಾಳಿ ಆಡಬೇಕು. ನಮ್ಮದು ಒಣ ಬಿಸಿ. ಬೇಸಿಗೆಯಲ್ಲಿ ಬೆಳಿಗ್ಗೆ ಒಂಬತ್ತಕ್ಕೆಲ್ಲ ಬಾಲ್ಕನಿ ಬಾಗಿಲು ಮುಚ್ಚಿ, ರಾತ್ರಿ ಪೂರ್ತಿ ತೆಗೆದಿಡಿ. ಹೊರ ಅಂಚಿಗೆ ಲಾವಂಚದ ತಟ್ಟಿ ಇಳಿಬಿಟ್ಟು ಮಧ್ಯಾಹ್ನ ನೀರು ಚಿಮುಕಿಸಿ. ನಮ್ಮ ಒಣ ಗಾಳಿಗೆ ನೀರು ಬೇಗ ಆರಿ ತಂಪಾಗುತ್ತದೆ. ಮುಂಬೈನಲ್ಲಿ ಈ ಉಪಾಯ ಅಷ್ಟು ನಡೆಯುವುದಿಲ್ಲ. ತಟ್ಟಿ ಗೋಡೆಗೆ ಅಂಟಿಕೊಂಡಿರಬಾರದು, ಬಾಲ್ಕನಿಯ ಆಚೆ ಅಂಚಿನಲ್ಲೇ ಇರಲಿ. ನೆರಳು ಬೀಳಬೇಕಾದ್ದು ಗೋಡೆಯ ಮೇಲೆ.