ಓದುಗರ ಪ್ರಶ್ನೆ: ಮರಿಗಳ ಹೊಟ್ಟೆ ಕೆಡಿಸಿದ್ದು ಒಣಮೀನೇ?

ಪ್ರಶ್ನೆ: 300 ಗಿರಿರಾಜ ಕೋಳಿ ಮರಿಗಳಿವೆ. 24ನೇ ದಿನದಿಂದ ಕಪ್ಪು ಮಿಶ್ರಿತ, ನೊರೆನೊರೆ ಹಿಕ್ಕೆ. ದಿನಕ್ಕೆ ಎರಡು ಮೂರು ಸಾಯುತ್ತಿವೆ. ಕೊಯ್ದು ನೋಡಿದ ಡಾಕ್ಟರು ಕರುಳಿನಲ್ಲಿ ಕ್ಲಾಸ್ಟ್ರಿಡಿಯಂ ಎಂಬ ಬ್ಯಾಕ್ಟೀರಿಯಾದ ರೋಗ ಎಂದರು. ವಾರದ ಹಿಂದಷ್ಟೇ ಫೀಡ್ ಬದಲಾಯಿಸಿದ್ದೆವು. 100 ಕೆಜಿಗೆ ಮೆಕ್ಕೆಜೋಳ 50, ಗೋಧಿ ಬೂಸಾ 15, ಶೇಂಗಾ ಹಿಂಡಿ 20, ಒಣಮೀನು 12, ಮಿನರಲ್ ಮಿಕ್ಸ್ಚರ್ 2.5, ಉಪ್ಪು ಅರ್ಧ ಕೆಜಿ. ತಪ್ಪೆಲ್ಲಿ?

ಉತ್ತರ: ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಹೊರಗಿನಿಂದ ಬಂದ ಕಳ್ಳನಲ್ಲ. ಆರೋಗ್ಯವಂತ ಕೋಳಿಯ ಕರುಳಲ್ಲೂ ಸ್ವಲ್ಪ ಇದ್ದೇ ಇರುತ್ತದೆ. ಊಟ ಹೆಚ್ಚು ಸಿಕ್ಕಾಗ ದುಪ್ಪಟ್ಟಾಗುತ್ತಾ ಹೋಗಿ, ವಿಷ ಬಿಟ್ಟು ಕರುಳಿನ ಒಳಪದರ ಸುಡುತ್ತದೆ. ಒರಟು ಟವೆಲ್ಲಿನಂತೆ ಕಾಣುವ ಕರುಳು ಅದರ ಗುರುತು. ನಿಮ್ಮ ಮಿಶ್ರಣ ಅದಕ್ಕೆ ಮೂರು ಕಡೆಯಿಂದ ಊಟ ಬಡಿಸಿದೆ.

ಮೊದಲನೆಯದು ಒಣಮೀನು. ಈ ಬ್ಯಾಕ್ಟೀರಿಯಾ ಪ್ರೋಟೀನಿನ ಘಟಕಗಳಾದ ಅಮೈನೋ ಆಮ್ಲಗಳಲ್ಲಿ ಹಲವನ್ನು ತಾನೇ ತಯಾರಿಸಿಕೊಳ್ಳಲಾರದು. ಮೀನಿನ ಪ್ರೋಟೀನ್ ಅವನ್ನು ಧಾರಾಳವಾಗಿ ಕೊಡುತ್ತದೆ. ಇನ್ನು ಉಪ್ಪಿನ ಲೆಕ್ಕ. ಮೀನಿನಲ್ಲಿ ಶೇ. 10ರಷ್ಟು ಉಪ್ಪಿದ್ದರೂ 12 ಕೆಜಿಗೆ 1.2 ಕೆಜಿ, ಮೇಲೆ ನೀವು ಹಾಕಿದ ಅರ್ಧ ಕೆಜಿ. ಬೇಕಿದ್ದದ್ದು 300–400 ಗ್ರಾಂ! ಕೋಳಿ ನೀರು ಕುಡಿದು ಕುಡಿದು ಹಿಕ್ಕೆ ತೆಳುವಾಗುತ್ತದೆ, ನೆಲಕ್ಕೆ ಹಾಸಿದ ಹೊಟ್ಟು ಒದ್ದೆಯಾಗುತ್ತದೆ. ಆ ತೇವದಲ್ಲೇ ಕಾಕ್ಸಿಡಿಯಾ ಎಂಬ ಕರುಳಿನ ಪರಾವಲಂಬಿ ಮಾಗುತ್ತದೆ. ಅದು ಕರುಳನ್ನು ಗಾಯಗೊಳಿಸಿದಾಗ ಸೋರುವ ರಕ್ತದ್ರವ, ಲೋಳೆ ಕ್ಲಾಸ್ಟ್ರಿಡಿಯಂಗೆ ಎರಡನೇ ಊಟ. ಮೂರನೆಯದು ಬೂಸಾದ ಜೀರ್ಣವಾಗದ ನಾರು: ಮಿತಿಮೀರಿದರೆ ಕರುಳಲ್ಲಿ ಜೀರ್ಣಕ್ರಿಯೆ ತಗ್ಗಿ, ಉಳಿದ ಪ್ರೋಟೀನ್ ಕೆಳಕ್ಕೆ ಜಾರುತ್ತದೆ.

ತಿದ್ದುವ ಬಗೆ: ಒಣಮೀನು 4, ಸೋಯಾ ಹಿಂಡಿ 8, ಬೂಸಾ 5, ಮೆಕ್ಕೆಜೋಳ 60 ಕೆಜಿ ಮಾಡಿ. ಶೇಂಗಾ ಹಿಂಡಿ ಅಷ್ಟೇ ಇರಲಿ, ಆದರೆ ಬೂಸ್ಟು ಹಿಡಿದದ್ದು ಬೇಡ. ಮೆಥಿಯೋನಿನ್ ಎಂಬ ಅಮೈನೋ ಆಮ್ಲ 150 ಗ್ರಾಂ ಸೇರಿಸಿ. ಬೇರೆ ಉಪ್ಪು ಹಾಕಲೇಬೇಡಿ, ಮೀನಿನದೇ ಸಾಕು. ಸೋಯಾ ಹಿಂಡಿಯ ಬದಲು ಹಸಿ ಸೋಯಾ ಕಾಳು ಬೀಸಿ ಹಾಕುವವರಿದ್ದಾರೆ. ಅದರಲ್ಲಿರುವ ಅಂಶ ಟ್ರಿಪ್ಸಿನ್ ಕಿಣ್ವವನ್ನು ತಡೆಯುತ್ತದೆ, ಪ್ರೋಟೀನ್ ಜೀರ್ಣವಾಗದೆ ಉಳಿಯುತ್ತದೆ. ಜೋಳವನ್ನು ಹಿಟ್ಟಿನಷ್ಟು ನುಣ್ಣಗೆ ಬೀಸದೆ ದಪ್ಪ ರವೆಯಂತೆ ಒಡೆಸಿದರೆ ಕೋಳಿಯ ಗಟ್ಟಿ ಜಠರಕ್ಕೆ ಕೆಲಸ ಸಿಕ್ಕಿ, ಆಹಾರ ಆಮ್ಲದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ.

ಹಳೆ ಫೀಡಿಂದ ಹೊಸದಕ್ಕೆ ಒಂದೇ ದಿನ ಹಾರಬೇಡಿ: ಕಾಲು ಪಾಲು, ಅರ್ಧ, ಮುಕ್ಕಾಲು, ತಲಾ ಎರಡು ದಿನ. ಹೊಟ್ಟನ್ನು ಮುಷ್ಟಿಯಲ್ಲಿ ಹಿಂಡಿ. ಉಂಡೆಯಾಗಿ ನಿಂತರೆ ಒದ್ದೆ ಭಾಗ ತೆಗೆದು ಒಣಗಿದ್ದು ಹರಡಿ. ಈಗ ಸಾಯುತ್ತಿರುವ ಮರಿಗಳಿಗೆ ಫೀಡ್ ತಿದ್ದಿದರಷ್ಟೇ ಸಾಲದು, ಡಾಕ್ಟರು ಬರೆದ ಔಷಧಿ ನೀರಿನಲ್ಲಿ ಕೊಡಲೇಬೇಕು. ಕಾಕ್ಸಿಡಿಯಾ ಇದೆಯೇ ಎಂದು ಹಿಕ್ಕೆ ಪರೀಕ್ಷೆಯನ್ನೂ ಕೇಳಿ.

ಪ್ರಶ್ನೆ: ಇದೇ ರೋಗಕ್ಕೆ ಕೊಲಿಸ್ಟಿನ್ ಎಂಬ ಆಂಟಿಬಯೋಟಿಕ್ ಪುಡಿ ಫೀಡಿಗೆ ಬೆರೆಸಿ ಎನ್ನುತ್ತಾರೆ. ಹಾಕಬಹುದೇ?

ಉತ್ತರ: ಬೇಡ. ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಬಳಕೆ ಭಾರತದಲ್ಲಿ 2019ರಿಂದ ನಿಷಿದ್ಧ. ಮನುಷ್ಯರ ಕಠಿಣ ಸೋಂಕುಗಳಿಗೆ ಉಳಿದಿರುವ ಕಡೆಯ ಔಷಧಿಗಳಲ್ಲಿ ಅದೊಂದು. ಹೇಗಿದ್ದರೂ ಅದು ಕೊಲ್ಲುವುದು ಈ.ಕೋಲಿ, ಸಾಲ್ಮೊನೆಲ್ಲಾದಂಥ ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾಗಳನ್ನು. ಕ್ಲಾಸ್ಟ್ರಿಡಿಯಂ ಬೇರೆ ಗುಂಪಿನದು, ಗ್ರಾಂ ಪಾಸಿಟಿವ್; ಅದಕ್ಕೆ ಕೊಲಿಸ್ಟಿನ್ ನಾಟುವುದಿಲ್ಲ. ದುಡ್ಡು ಕೊಟ್ಟರೂ ಮರಿ ಉಳಿಯುವುದಿಲ್ಲ.